ಅಳಿಸಿಹೋದ ಹನ್ನೊಂದು ನಿಮಿಷ

ಮನೆಯೆಂದ ಮೇಲೆ ಒಂದು ಹಳೆಯ ಪೆಟ್ಟಿಗೆ ಇದ್ದೇ ಇರುವುದು. ಅದರಲ್ಲಿ ಏನಿದೆಯೆಂಬುದು ಮನೆಯವರೆಲ್ಲರಿಗೂ ಗೊತ್ತು. ಆದುದರಿಂದಲೇ ಅದನ್ನು ಯಾರೂ ತೆರೆಯುವುದಿಲ್ಲ. ಬೀದರ ಜಿಲ್ಲೆಯ ಮನ್ನಾಏಖೇಳ್ಳಿಯಲ್ಲಿರುವ ನಮ್ಮ ಮನೆಯ ಅಟ್ಟದ ಮೇಲೆಯೂ ಅಂತಹದೊಂದು ತಗಡಿನ ಪೆಟ್ಟಿಗೆ, ನಮ್ಮ ತೀರ್ಥರೂಪರು ೨೦೦೯ರಲ್ಲಿ ಕಾಲವಾದ ತರುವಾಯ, ಹದಿನಾರು ವರ್ಷಗಳ ಕಾಲ ಬಾಯಿ ತೆರೆಯದೆ ಕುಳಿತಿದ್ದಿತು. ಬೇರೆಯವರು ಅದನ್ನು ತೆರೆಯದೆ ಇದ್ದುದು ಔದಾಸೀನ್ಯದಿಂದ. ನಾವು ತೆರೆಯದೆ ಇದ್ದುದು ಭಯದಿಂದ. ಆ ಭಯದ ಕಾರಣವನ್ನು ವಾಚಕರ ಮುಂದೆ ನಿವೇದಿಸುವುದೇ ಈ ಬರಹದ ಉದ್ದೇಶ.

ನಮಗೆ ಅರುವತ್ತು ತುಂಬಿ, ಸಂಸ್ಕೃತ ಉಪಾಧ್ಯಾಯರ ಕೆಲಸದಿಂದ ನಿವೃತ್ತಿಯಾದ ಮೇಲೆ, ಮನೆಯ ಮಾಳಿಗೆಯನ್ನು ದುರಸ್ತಿ ಮಾಡಿಸುವ ಪ್ರಸಂಗ ಬಂದಿತು. ಮಾಳಿಗೆ ಬಿಚ್ಚಬೇಕಾದರೆ ಅಟ್ಟ ಬರಿದಾಗಬೇಕು. ಅಟ್ಟ ಬರಿದಾಗಬೇಕಾದರೆ ಪೆಟ್ಟಿಗೆ ಇಳಿಯಬೇಕು. ಹೈದರಾಬಾದಿನಲ್ಲಿ ಯಂತ್ರವಿದ್ಯೆಯ ಕೆಲಸದಲ್ಲಿರುವ ನಮ್ಮ ಸೋದರಳಿಯನು ರಜೆಯ ಮೇಲೆ ಬಂದಿದ್ದವನು, ಒಂದೇ ಉಸಿರಿನಲ್ಲಿ ಅದನ್ನು ಇಳಿಸಿ, ಇನ್ನೊಂದು ಉಸಿರಿನಲ್ಲಿ ಮುಚ್ಚಳ ತೆಗೆದುಬಿಟ್ಟನು. ಒಳಗೆ ಕೆಂಪು ಬಟ್ಟೆಯ ರಟ್ಟಿನ ಲೆಕ್ಕದ ಪುಸ್ತಕಗಳು, ಒಂದು ಕಿವಿ ಮುರಿದ ಕನ್ನಡಕ, ಹಳೆಯ ಪಂಚಾಂಗಗಳು. ಇವುಗಳ ಕೆಳಗೆ ಶುಭ್ರವಾದ ಪಂಚೆಯ ತುಂಡಿನಲ್ಲಿ ಸುತ್ತಿದ ಒಂದು ಕ್ಯಾಸೆಟ್ಟು. “ಮಾಮಾ, ಇದೇನು?” ಎಂದು ಅವನು ಕೇಳಿದನು. ನಾವು ಉತ್ತರ ಕೊಡದೆ, ನೀರು ಕುಡಿಯುವ ನೆವದಿಂದ ಒಳಗೆ ಹೋದೆವು.

ಅದು ಮಲ್ಲಿಕಾರ್ಜುನ ಮನಸೂರರ ಗಾಯನವಾಗಿದ್ದಿತು. ಅಂಗಡಿಯಲ್ಲಿ ಕೊಂಡುತಂದ ಮುದ್ರಿಕೆಯಲ್ಲ. ಧಾರವಾಡದ ಗೃಹಸ್ಥರೊಬ್ಬರ ಮನೆಯ ಪಡಸಾಲೆಯಲ್ಲಿ ನಾಲ್ವತ್ತು ಜನರ ನಡುವೆ ಅವರು ಹಾಡಿದುದನ್ನು, ಹಾಡುತ್ತಿದ್ದಂತೆಯೇ, ನಮ್ಮ ತೀರ್ಥರೂಪರು ಹಿಡಿದುಕೊಂಡು ಬಂದುದು. ಅದರ ಪ್ರತಿ ಇನ್ನೊಂದಿರಲಿಲ್ಲ.

ತೀರ್ಥರೂಪರು ಹುಮನಾಬಾದಿನ ಅಡತಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಗುಮಾಸ್ತರಾಗಿದ್ದರು. ತೊಗರಿ, ಹೆಸರು, ಉದ್ದು, ಜೋಳಗಳ ಚೀಲ ಎಣಿಸುವುದೂ, ಜಮಾ ಖರ್ಚು ಬರೆಯುವುದೂ, ಸಂಜೆಗೆ ಬಾಕಿ ತೆಗೆಯುವುದೂ ಅವರ ನಿತ್ಯಕರ್ಮ. ನಿಜಾಮರ ಆಳಿಕೆಯ ಕಾಲದಲ್ಲಿ ಹುಟ್ಟಿದವರಾದ್ದರಿಂದ ಅವರ ಶಾಲೆಯ ಓದು ಉರ್ದುವಿನಲ್ಲಿ ನಡೆಯಿತು. ೧೯೪೮ರಲ್ಲಿ ಆ ಆಳಿಕೆ ಮುಗಿದ ಮೇಲೆ ಹದಿನೆಂಟನೆಯ ವಯಸ್ಸಿನಲ್ಲಿ ಕನ್ನಡದ ಅಕ್ಷರಗಳನ್ನು ತಾವಾಗಿ ತಿದ್ದಿ ಕಲಿತರು; ಆದುದರಿಂದ ಅವರ ಕನ್ನಡ ಅಕ್ಷರಗಳು ಕಡೆಯವರೆಗೂ ಮಗುವಿನ ಅಕ್ಷರಗಳಂತೆ ದೊಡ್ಡವೂ ದುಂಡಾದವೂ ಆಗಿದ್ದವು. ಸಂಗೀತವನ್ನು ಮಾತ್ರ ಅವರು ಯಾವ ಲಿಪಿಯ ಹಂಗೂ ಇಲ್ಲದೆ ಕಲಿತವರು. ಹುಮನಾಬಾದಿನ ಬಳಿಯ ಮಾಣಿಕನಗರದಲ್ಲಿ, ೧೮೧೭ರಿಂದ ೧೮೬೫ರ ವರೆಗೆ ಬಾಳಿದ ಮಾಣಿಕಪ್ರಭುಗಳ ಸಂಸ್ಥಾನವುಂಟಷ್ಟೆ. ಪ್ರಭುಗಳು ತಾವೇ ಪದಗಳನ್ನು ರಚಿಸಿದವರು. ಅಲ್ಲಿ ದತ್ತಜಯಂತಿಯ ಕಾಲದಲ್ಲಿ ನಡೆಯುವ ಗಾಯನಕ್ಕೆ ತೀರ್ಥರೂಪರು ಬಾಲ್ಯದಿಂದಲೂ ಹೋಗಿ, ಕಂಬಕ್ಕೆ ಒರಗಿ, ಬೆಳಗಾಗುವವರೆಗೆ ಕೇಳಿ, ಮರುದಿನ ಅಂಗಡಿಯಲ್ಲಿ ತೂಕಡಿಸುತ್ತ ಲೆಕ್ಕ ಬರೆಯುತ್ತಿದ್ದರಂತೆ. ಲೆಕ್ಕದಲ್ಲಿ ತಪ್ಪು ಮಾತ್ರ ಎಂದೂ ಬರಲಿಲ್ಲವೆಂದು ಅವರೇ ಹೇಳಿಕೊಳ್ಳುತ್ತಿದ್ದರು.

೧೯೮೬ರಲ್ಲಿ ನಾವು ಧಾರವಾಡದಲ್ಲಿ ಸಂಸ್ಕೃತದ ಉನ್ನತ ವ್ಯಾಸಂಗ ಮಾಡುತ್ತಿದ್ದೆವು. ನಮ್ಮನ್ನು ನೋಡಿಕೊಂಡು ಹೋಗಲೆಂದು ತೀರ್ಥರೂಪರು ಬಂದಿದ್ದಾಗ, ನಾವು ಇಳಿದುಕೊಂಡಿದ್ದ ಮನೆಯ ಯಜಮಾನರ ಬಂಧುಗಳಲ್ಲಿ ಈ ಬೈಠಕ್ಕು ಏರ್ಪಟ್ಟಿತು. ಧಾರವಾಡದ ಹತ್ತಿರದ ಮನಸೂರು ಎಂಬ ಹಳ್ಳಿಯಲ್ಲಿ ೧೯೧೦ರಲ್ಲಿ ಹುಟ್ಟಿ, ಬಾಲ್ಯದಲ್ಲಿ ನಾಟಕ ಕಂಪನಿಯಲ್ಲಿ ಪಾತ್ರವಹಿಸಿ, ಮಿರಜದ ನೀಲಕಂಠಬುವಾ ಅವರಲ್ಲಿ ಗ್ವಾಲಿಯರ್ ಪದ್ಧತಿಯ ಶಿಕ್ಷಣ ಪಡೆದು, ಆ ಮೇಲೆ ಅಲ್ಲಾದಿಯಾ ಖಾನರ ಮಕ್ಕಳಾದ ಮಂಜಿ ಖಾನ್ ಮತ್ತು ಭುರ್ಜಿ ಖಾನರಲ್ಲಿ ಜೈಪುರ ಅತ್ರೌಲಿ ಘರಾಣೆಯ ಗಾಯಕಿಯನ್ನು ಸಾಧಿಸಿದ ಆ ಮಹನೀಯರಿಗೆ ಆಗ ಎಪ್ಪತ್ತೈದು ವರ್ಷ. ದೇಹ ಕೃಶ, ಧ್ವನಿಯಾದರೋ ತುಂಬಿದ ಕೆರೆಯ ಕೋಡಿ. ಇತರರು ಹೆಸರು ಮಾತ್ರ ಕೇಳಿದ್ದ ಅಪೂರ್ವ ರಾಗಗಳನ್ನು ಅವರು ಮನೆಯ ಮಕ್ಕಳಂತೆ ಕರೆದು ಮಾತಾಡಿಸುತ್ತಿದ್ದರು. ಅಂದು ಹಾಡಿದ ಮುಖ್ಯ ರಾಗ ಬಸಂತಿ ಕೇದಾರ. ಬಸಂತ ಮತ್ತು ಕೇದಾರಗಳೆಂಬ ಎರಡು ರಾಗಗಳನ್ನು ಬೆಸೆದು ಮಾಡಿದ ಈ ಬಗೆಯ ರಾಗಕ್ಕೆ ಜೋಡರಾಗವೆನ್ನುತ್ತಾರೆ. ಬೆಸುಗೆ ಕಾಣಿಸಲೂ ಬಾರದು, ಎರಡೂ ತಮ್ಮ ಗುರುತನ್ನು ಕಳೆದುಕೊಳ್ಳಲೂ ಬಾರದು, ಒಳ್ಳೆಯ ದಾಂಪತ್ಯದಂತೆ.

ಮುದ್ರಿಸಿಕೊಳ್ಳಲು ತೀರ್ಥರೂಪರು ಮನೆಯ ಯಜಮಾನರ ಅಪ್ಪಣೆ ಬೇಡಿದರು. ಅವರು ಗಾಯಕರ ಕಡೆಯವರನ್ನು ವಿಚಾರಿಸಿ, “ನಿಮ್ಮ ಸ್ವಂತಕ್ಕ ಇಟಗೋರಿ, ವ್ಯಾಪಾರಕ್ಕ ಬ್ಯಾಡ” ಎಂದು ಒಪ್ಪಿಗೆ ಕೊಟ್ಟರು. ತೀರ್ಥರೂಪರು ಆ ಮಾತನ್ನು ಎಷ್ಟು ನಿಷ್ಠೆಯಿಂದ ನಡೆಸಿದರೆಂದರೆ, ಬಂಧುಮಿತ್ರರು ಎಷ್ಟು ಕೇಳಿದರೂ ಒಂದು ಪ್ರತಿಯನ್ನೂ ಕೊಡಲಿಲ್ಲ. “ಬಂದು ಕೇಳಿ ಹೋಗಿರಿ” ಎಂದು ಮಾತ್ರ ಹೇಳುತ್ತಿದ್ದರು. ಕೇಳಲು ಬಂದವರಿಗೆ ಚಹದ ಉಪಚಾರವೂ ಆಗುತ್ತಿತ್ತು.

ಇಂತಹ ಮುದ್ರಿಕೆಯ ಬೆಲೆಯೇನೆಂಬುದನ್ನು ತಿಳಿಯಬೇಕಾದರೆ ನಮ್ಮ ಸೀಮೆಯ ಚರಿತ್ರೆಯನ್ನೇ ಕೊಂಚ ನೋಡಬೇಕು. ನಮ್ಮ ನೆರೆಯ ಬಸವಕಲ್ಯಾಣವು ಒಂದು ಕಾಲದಲ್ಲಿ ಚಾಲುಕ್ಯರ ರಾಜಧಾನಿಯಾದ ಕಲ್ಯಾಣ. ಹನ್ನೆರಡನೆಯ ಶತಮಾನದಲ್ಲಿ ಅಲ್ಲಿ ಆಳಿದ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಗೀತ, ವಾದ್ಯ, ನೃತ್ಯಗಳ ವಿನೋದಗಳು ವಿಸ್ತಾರವಾಗಿ ಬಂದಿವೆ. ಅವನ ಮಗನಾದ ಜಗದೇಕಮಲ್ಲನು ‘ಸಂಗೀತಚೂಡಾಮಣಿ’ಯೆಂಬ ಗ್ರಂಥವನ್ನೇ ಬರೆದನು. ಆ ತಂದೆಮಕ್ಕಳ ಗ್ರಂಥಗಳು ಇಂದಿಗೂ ನಮ್ಮ ಕೈಗೆ ಸಿಗುತ್ತವೆ. ಆದರೆ ಆ ಆಸ್ಥಾನದಲ್ಲಿ ಒಂದು ರಾತ್ರಿ ಒಬ್ಬ ಗಾಯಕನು ಹಾಡಿದ ಒಂದೇ ಒಂದು ಸ್ವರ ನಮಗೆ ಸಿಗುವುದೇ? ಲಕ್ಷಣ ಉಳಿಯಿತು, ಲಕ್ಷ್ಯ ಹೋಯಿತು. ಭಕ್ಷ್ಯದ ಪಾಕಶಾಸ್ತ್ರವನ್ನು ಓದಿ ಹೊಟ್ಟೆ ತುಂಬಿಸಿಕೊಳ್ಳುವ ಸ್ಥಿತಿ ನಮ್ಮದು.

೧೮೭೭ರಲ್ಲಿ ಅಮೆರಿಕದ ಎಡಿಸನ್ನನು ಧ್ವನಿಯನ್ನು ಹಿಡಿದಿಡುವ ಯಂತ್ರವನ್ನು ಕಂಡುಹಿಡಿದ ಬಳಿಕ ಈ ಸ್ಥಿತಿ ಬದಲಾಯಿತು. ೧೯೦೨ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ಗಾಯನವು ಗ್ರಾಮಫೋನ್ ತಟ್ಟೆಗೆ ಏರಿತು. ಆ ತಟ್ಟೆಯ ಒಂದು ಪಕ್ಕಕ್ಕೆ ಹಿಡಿಯುತ್ತಿದ್ದುದು ಸುಮಾರು ಮೂರು ನಿಮಿಷದ ಗಾಯನ; ಅಷ್ಟರಲ್ಲಿಯೇ ರಾಗವನ್ನು ತೋರಿಸಿ, ಕಡೆಗೆ ತನ್ನ ಹೆಸರನ್ನೂ ಕೂಗಿ ಹೇಳಿ ಮುಗಿಸಬೇಕು. ಮನಸೂರರೂ ಯೌವನದಲ್ಲಿ, ೧೯೩೦ರ ದಶಕದಲ್ಲಿ, ಇಂತಹ ತಟ್ಟೆಗಳಿಗೆ ಹಾಡಿದವರೇ. ಮೂರು ನಿಮಿಷದ ತಟ್ಟೆಯಲ್ಲಿ ರಾಗವನ್ನು ನೋಡುವುದು, ಬಾಗಿಲ ಸಂದಿನಿಂದ ಮದುವೆಯನ್ನು ನೋಡಿದಂತೆ. ಅಲ್ಲಾದಿಯಾ ಖಾನರಂತೂ ೧೯೪೬ರ ವರೆಗೆ ಬದುಕಿದ್ದರೂ ಮುದ್ರಿಕೆಗೆ ಒಪ್ಪದೆ ಹೋದರು. ಅವರ ಗಾಯಕಿಯನ್ನು ನಾವಿಂದು ಶಿಷ್ಯಪ್ರಶಿಷ್ಯರ ಕಂಠದಲ್ಲಿ ಊಹಿಸಿಕೊಳ್ಳಬೇಕು, ಮೊಮ್ಮಗನ ಮುಖದಲ್ಲಿ ಅಜ್ಜನನ್ನು ಊಹಿಸಿಕೊಳ್ಳುವಂತೆ. ೧೯೬೩ರಲ್ಲಿ ಫಿಲಿಪ್ಸ್ ಕಂಪನಿಯವರು ಕ್ಯಾಸೆಟ್ಟನ್ನು ಹೊರತಂದ ಮೇಲೆಯೇ, ಸಾಮಾನ್ಯ ಗೃಹಸ್ಥನು ತನ್ನ ಮೊಳಕಾಲ ಮೇಲೆ ಯಂತ್ರವನ್ನಿಟ್ಟುಕೊಂಡು, ಕೆಮ್ಮು, ಕೂಗು, ಗಡಿಯಾರದ ಸಪ್ಪಳಗಳ ಸಮೇತ ಇಡೀ ಬೈಠಕ್ಕನ್ನು ಮನೆಗೆ ತರುವಂತಾಯಿತು.

ಇನ್ನು ನಮ್ಮ ಅಪರಾಧದ ಕಥೆ.

೧೯೯೧ರ ಶ್ರಾವಣ. ಆಗ ನಾವು ಹೊಸದಾಗಿ ಪ್ರೌಢಶಾಲೆಯ ಕೆಲಸಕ್ಕೆ ಸೇರಿ, ಹೆಗಲ ಮೇಲೆ ಉತ್ತರೀಯವನ್ನೂ ನಾಲಗೆಯ ಮೇಲೆ ಶಾಸ್ತ್ರವನ್ನೂ ಹೊದ್ದುಕೊಂಡು ತಿರುಗುತ್ತಿದ್ದ ಕಾಲ. ಶ್ರಾವಣ ಹುಣ್ಣಿಮೆಯ ಸಂಸ್ಕೃತ ದಿನಾಚರಣೆಗೆ ನಮ್ಮದೇ ಮುಖ್ಯ ಭಾಷಣ. ವಿಷಯ: ಶಬ್ದದ ನಿತ್ಯತ್ವ. ಹತ್ತನೆಯ ತರಗತಿಯ ಮಕ್ಕಳಿಗೆ ಈ ವಿಷಯವನ್ನು ಆರಿಸಿಕೊಂಡವರ ವಿವೇಕವನ್ನು ವಾಚಕರು ಊಹಿಸಬಹುದು. ನಮ್ಮ ಧ್ವನಿ ಸಭೆಯಲ್ಲಿ ಹೇಗೆ ಕೇಳೀತೆಂಬ ಕುತೂಹಲದಿಂದ, ಮನೆಯಲ್ಲಿ ಯಾರೂ ಇಲ್ಲದ ಮಧ್ಯಾಹ್ನ ಯಂತ್ರವನ್ನು ಮುಂದಿಟ್ಟುಕೊಂಡು, ಮೇಜಿನ ಮೇಲಿದ್ದ ಕ್ಯಾಸೆಟ್ಟೊಂದನ್ನು ಬರಿದೆಂದು ಭಾವಿಸಿ ಒಳಗೆ ಹಾಕಿ, ಎರಡು ಗುಂಡಿಗಳನ್ನೂ ಒತ್ತಿ, ಹನ್ನೊಂದು ನಿಮಿಷ ನಿರರ್ಗಳವಾಗಿ ಮಾತಾಡಿದೆವು.

ಬಳಿಕ ಹಿಂದಕ್ಕೆ ಸುತ್ತಿ ಕೇಳಿದೆವು. ಸುತ್ತುವಾಗ ಅಂದಾಜು ತಪ್ಪಿ ಬಹಳ ಹಿಂದಕ್ಕೆ ಹೋಗಿದ್ದಿತು. ತಂಬೂರಿಯ ನಾದ ಕೇಳಿಸಿತು. ಮನಸೂರರ ಕಂಠ ಕೇಳಿಸಿತು. ನಮ್ಮ ಮೈ ತಣ್ಣಗಾಯಿತು. ವಿಲಂಬಿತದಲ್ಲಿ ಕೇದಾರದ ಕಡೆಯಿಂದ ಬಸಂತದ ಕಡೆಗೆ ಅವರು ಇನ್ನೇನು ಹೊರಳಬೇಕು, ಅಷ್ಟರಲ್ಲಿ ‘ಟಪ್’ ಎಂಬ ಸಪ್ಪಳವಾಗಿ, ಶಬ್ದವು ನಿತ್ಯವೆಂದು ನಮ್ಮ ಧ್ವನಿ ಘೋಷಿಸಿತು. ಹನ್ನೊಂದು ನಿಮಿಷದ ಆ ಘೋಷಣೆ ಮುಗಿದ ಮೇಲೆ ಮತ್ತೆ ‘ಟಪ್’ ಎಂದು, ಮನಸೂರರು ಒಂದು ತಾನಿನ ನಡುಮಧ್ಯದಿಂದ, ಏನೂ ಆಗಿಲ್ಲವೆಂಬಂತೆ ಮುಂದುವರಿದರು.

ಆ ಹೊರಳುವ ಜಾಗವೇ ತೀರ್ಥರೂಪರಿಗೆ ಪ್ರಾಣವಾಗಿದ್ದಿತು. ಬಂದವರಿಗೆ ಚಹ ಕೊಟ್ಟು, “ಈಗ ಬರತದ ನೋಡ್ರಿ” ಎಂದು ಅವರು ಬೆರಳೆತ್ತುತ್ತಿದ್ದುದು ಆ ಜಾಗಕ್ಕೇ.

ಕ್ಯಾಸೆಟ್ಟಿನ ಬೆನ್ನಿನಲ್ಲಿ ಎರಡು ಚಿಕ್ಕ ಪ್ಲಾಸ್ಟಿಕ್ ನಾಲಗೆಗಳಿರುತ್ತವೆ. ಅವನ್ನು ಮುರಿದುಬಿಟ್ಟರೆ ಯಂತ್ರವು ಅದರ ಮೇಲೆ ಹೊಸದಾಗಿ ಮುದ್ರಿಸಲು ಒಪ್ಪುವುದಿಲ್ಲ. ತೀರ್ಥರೂಪರು ಯಾವ ವಸ್ತುವನ್ನೂ ಮುರಿಯಲೊಲ್ಲದ ಸ್ವಭಾವದವರಾದ್ದರಿಂದ ಅವನ್ನು ಮುರಿದಿರಲಿಲ್ಲ. ಯಂತ್ರದಲ್ಲಿ ಮುದ್ರಿಸುವ ತಲೆಗಿಂತ ಮೊದಲೇ ಅಳಿಸುವ ತಲೆಯೊಂದಿರುತ್ತದೆ. ಪಟ್ಟಿಯ ಮೇಲಿನ ಕಬ್ಬಿಣದ ಆಕ್ಸೈಡಿನ ಕಣಗಳಲ್ಲಿ ಅಯಸ್ಕಾಂತಶಕ್ತಿಯಿಂದ ಮೂಡಿದ್ದ ವಿನ್ಯಾಸವನ್ನು ಅದು ಚದುರಿಸಿಬಿಡುತ್ತದೆ. ಆ ಮೇಲೆ ಹೊಸ ಶಬ್ದ ಬಂದು ಕೂಡುತ್ತದೆ. ಪಟ್ಟಿಯು ಕ್ಷಣಕ್ಕೆ ೪.೭೬ ಸೆಂಟಿಮೀಟರಿನಂತೆ ಓಡುವುದು. ನಾವು ಅಂದೇ ಕುಳಿತು ಲೆಕ್ಕ ಹಾಕಿದೆವು: ಹನ್ನೊಂದು ನಿಮಿಷಕ್ಕೆ ಸುಮಾರು ಮೂವತ್ತೊಂದು ಮೀಟರ್. ಗುಮಾಸ್ತರ ಮಗನಲ್ಲವೆ?

ನೈಯಾಯಿಕರು ಶಬ್ದವು ಅನಿತ್ಯವೆನ್ನುತ್ತಾರೆ. ಹುಟ್ಟಿದ ಮೂರನೆಯ ಕ್ಷಣದಲ್ಲಿ ಅದು ನಾಶವಾಗುವುದೆಂದು ಅವರ ಮತ. ಮೀಮಾಂಸಕರು ಹಾಗಲ್ಲವೆಂದು ವಾದಿಸುತ್ತಾರೆ. ಶಬ್ದವು ಎಂದೆಂದಿಗೂ ಇರುವುದು, ಉಚ್ಚಾರಣೆಯು ಅದನ್ನು ವ್ಯಕ್ತಪಡಿಸುವುದು ಮಾತ್ರ ಎಂದು ಅವರ ಪಕ್ಷ. ನಮ್ಮ ಭಾಷಣದಲ್ಲಿ ಮೀಮಾಂಸಕರನ್ನು ಗೆಲ್ಲಿಸಿ, ನಮ್ಮ ಕೈಯಿಂದ ನೈಯಾಯಿಕರನ್ನು ಗೆಲ್ಲಿಸಿದ್ದೆವು. ಅಭಾವಗಳಲ್ಲಿ ಪ್ರಧ್ವಂಸಾಭಾವವೆಂದು ಒಂದುಂಟು. ಒಡೆದುಹೋದ ಗಡಿಗೆಯ ಇಲ್ಲದಿರುವಿಕೆ ಅಂಥದು. ಅದಕ್ಕೆ ಆದಿಯುಂಟು, ಅಂತವಿಲ್ಲ. ಈ ಲಕ್ಷಣವನ್ನು ನಾವು ಗುರುಗಳ ಮುಂದೆ ಎಷ್ಟೋ ಸಲ ಒಪ್ಪಿಸಿದ್ದೆವು. ಅದರ ಅರ್ಥ ತಿಳಿದುದು ಆ ಮಧ್ಯಾಹ್ನ.

ಕ್ಯಾಸೆಟ್ಟನ್ನು ಅದರ ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ಅದರ ಜಾಗದಲ್ಲಿಟ್ಟು, ನಾವು ಸುಮ್ಮನಾದೆವು. ಇಂದು ಹೇಳೋಣ, ನಾಳೆ ಹೇಳೋಣವೆಂದು ದಿನಗಳು ಸರಿದವು. ತೀರ್ಥರೂಪರೂ ಏನೂ ಹೇಳಲಿಲ್ಲ. ಅವರು ಅದನ್ನು ಕೇಳುತ್ತಿದ್ದರೋ ಇಲ್ಲವೋ, ನಾವಿದ್ದಾಗ ಮಾತ್ರ ಎಂದೂ ಹಾಕಲಿಲ್ಲ. ಅತಿಥಿಗಳಿಗೆ ಚಹ ಕೊಡುತ್ತಿದ್ದರು; ಗಾಯನ ಕೇಳಿಸುತ್ತಿರಲಿಲ್ಲ. “ಯಂತ್ರ ಕೆಟ್ಟದ” ಎಂದು ಹೇಳುತ್ತಿದ್ದರು. ನಾವು ಆ ಮಾತನ್ನು ನಂಬಿದೆವು. ಮನುಷ್ಯನು ತನಗೆ ಅನುಕೂಲವಾದುದನ್ನು ನಂಬುವುದರಲ್ಲಿ ಯಾವ ಪ್ರಮಾಣವನ್ನೂ ಅಪೇಕ್ಷಿಸುವುದಿಲ್ಲ.

೧೯೯೨ರ ಸಪ್ಟೆಂಬರ ೧೨ರಂದು ಮನಸೂರರು ತೀರಿಕೊಂಡರು. ಅದೇ ವರ್ಷ ಅವರಿಗೆ ಪದ್ಮವಿಭೂಷಣ ಪ್ರಶಸ್ತಿ ಬಂದಿದ್ದಿತು. ವಾರ್ತೆ ತಿಳಿದ ಸಂಜೆ ತೀರ್ಥರೂಪರು ಕೈಕಾಲು ತೊಳೆದುಕೊಂಡು, ದೀಪ ಹಚ್ಚಿ, ಅಟ್ಟದಿಂದ ಕ್ಯಾಸೆಟ್ಟನ್ನು ತೆಗೆದರು. ಕೆಟ್ಟಿದ್ದ ಯಂತ್ರವು ಕೆಟ್ಟಿರಲಿಲ್ಲ. ತಂಬೂರಿಯ ನಾದ ಶುರುವಾಯಿತು. ನಾವು ಯಾರನ್ನೋ ಕಾಣಬೇಕೆಂದು ಸುಳ್ಳು ಹೇಳಿ ಮನೆಯಿಂದ ಹೊರಬಿದ್ದೆವು. ನಮ್ಮೂರಿನ ಮಗ್ಗುಲಲ್ಲಿಯೇ ಹೈದರಾಬಾದಿನಿಂದ ಪುಣೆಯ ಕಡೆಗೆ ಹೋಗುವ ಹೆದ್ದಾರಿ. ಅದರ ಬದಿಯಲ್ಲಿ, ಎದುರು ಬರುವ ಲಾರಿಗಳ ದೀಪ ಕಣ್ಣಿಗೆ ಹೊಡೆಯುತ್ತಿರಲು, ಬಹಳ ದೂರ ನಡೆದೆವು. ಲಾರಿಗಳ ಸದ್ದಿನಲ್ಲಿ ಬೇರೆ ಸದ್ದು ಕೇಳಿಸದೆಂಬುದೇ ಸಮಾಧಾನ. ಹಿಂದಿರುಗಿದಾಗ ರಾತ್ರಿ ಹತ್ತಾಗಿದ್ದಿತು. ತೀರ್ಥರೂಪರು ಜಗಲಿಯ ಮೇಲೆ ಕುಳಿತಿದ್ದರು. “ಉಂಡಿಯಾ ತಮ್ಮಾ?” ಎಂದು ಕೇಳಿದರು. “ಇಲ್ಲ” ಎಂದೆವು. “ನಾನೂ ಉಂಡಿಲ್ಲ, ಬಾ” ಎಂದರು. ಇಬ್ಬರೂ ಕೂಡಿ ಉಂಡೆವು. ಮಾತು ಅಷ್ಟೇ. ಆ ಬಳಿಕ ಹದಿನೇಳು ವರ್ಷ ಅವರು ನಮ್ಮೊಡನೆ ಇದ್ದರು; ನಾವು ಹೇಳಲಿಲ್ಲ, ಅವರು ಕೇಳಲಿಲ್ಲ.

ಹೀಗಿರಲು ಈಗ ಅಳಿಯನು ಕ್ಯಾಸೆಟ್ಟನ್ನು ಹಿಡಿದುಕೊಂಡು ನಿಂತಿದ್ದನು. ಸಂಜೆಯ ಹೊತ್ತಿಗೆ ನಾವು ಧೈರ್ಯ ಮಾಡಿ ಎಲ್ಲವನ್ನೂ ಅವನಿಗೆ ಹೇಳಿದೆವು. ಅವನು ನಗಲಿಲ್ಲ, ಈ ಕಾಲದ ಹುಡುಗರಲ್ಲಿ ನಾವು ಮೆಚ್ಚುವ ಗುಣವಿದು, ಯಂತ್ರದ ವಿಷಯವಾದರೆ ಅವರು ಬಹಳ ಗಂಭೀರರು. ಪಟ್ಟಿಯನ್ನು ಓದುತಲೆಗೆ ಒತ್ತಿ ಹಿಡಿಯುವ ಚಿಕ್ಕ ಉಣ್ಣೆಯ ಮೆತ್ತೆ ಕಳಚಿಹೋಗಿದ್ದಿತು. ಅದನ್ನು ಬೇರೊಂದು ಕ್ಯಾಸೆಟ್ಟಿನಿಂದ ತೆಗೆದು ಕೂಡಿಸಿದನು. ಹೈದರಾಬಾದಿನಿಂದ ಹಳೆಯ ಯಂತ್ರವೊಂದನ್ನು ಸರಿಪಡಿಸಿ ತಂದು, ಅದನ್ನು ತನ್ನ ಕಂಪ್ಯೂಟರಿಗೆ ಜೋಡಿಸಿ, ಒಂದೇ ಸಲ, ನಿಲ್ಲಿಸದೆ, ಪೂರ್ತಿ ಓಡಿಸಿದನು. ನಾವು ಈ ಸಲ ಹೆದ್ದಾರಿಗೆ ಹೋಗಲಿಲ್ಲ.

ಮೊದಲಿಗೆ ತಬಲದ ಶ್ರುತಿ ಕೂಡಿಸುವ ಸಣ್ಣ ಬಡಿತಗಳು. ಯಾವುದೋ ಮಗು ಅತ್ತು ಸುಮ್ಮನಾಯಿತು. “ಬರ್ರಿ, ಮುಂದ ಬರ್ರಿ” ಎಂದು ಮನೆಯ ಯಜಮಾನರ ಧ್ವನಿ. ಬಳಿಕ ಷಡ್ಜ. ನಡುವೆ ತೀರ್ಥರೂಪರ ಕೆಮ್ಮು, ಯಂತ್ರಕ್ಕೆ ಅತಿ ಸಮೀಪವಾದ್ದರಿಂದ ಬಲು ದೊಡ್ಡದಾಗಿ. ಆ ಮೇಲೆ ‘ಟಪ್’. ಇಪ್ಪತ್ತಾರು ವರ್ಷದ ಒಬ್ಬ ತರುಣನು ಎದೆಯುಬ್ಬಿಸಿ ಮಾತಾಡತೊಡಗಿದನು. ಅವನನ್ನು ಎದ್ದು ಹೋಗಿ ಕೂಡಿಸಬೇಕೆನಿಸಿತು. ಕಣಾದನ ಮತವೊಂದನ್ನು ಅವನು ಗೌತಮನ ಹೆಸರಿಗೆ ಹಚ್ಚಿದುದು ಕೂಡ ಈಗ ಕಿವಿಗೆ ಬಿದ್ದಿತು. ಮೂವತ್ತನಾಲ್ಕು ವರ್ಷ ಯಾರೂ ತಿದ್ದದೆ ಉಳಿದ ತಪ್ಪು!

ಭಾಷಣದ ಕೊನೆಯಲ್ಲಿ, ಎರಡನೆಯ ‘ಟಪ್’ಗೆ ಮುಂಚೆ, ಮೌನದ ಒಂದೆರಡು ಕ್ಷಣಗಳಿದ್ದವು. ಅಲ್ಲಿ ಅಳಿಯನು ಧ್ವನಿಯನ್ನು ಹಿಗ್ಗಿಸಿ, “ಕೇಳು ಮಾಮಾ” ಎಂದನು. ಬಹಳ ದೂರದಿಂದ, ಬಾವಿಯ ತಳದಿಂದೆಂಬಂತೆ, ಗಾಯನದ ಒಂದು ಎಳೆ ಕೇಳಿಸಿತು. ಅಳಿಸಿದುದು ಹಿಂದಿರುಗಿತೋ ಎಂದು ನಮ್ಮ ಎದೆ ಹಾರಿತು. ಅವನು ಹಾಗಲ್ಲವೆಂದು ವಿವರಿಸಿದನು. ಪಟ್ಟಿಯನ್ನು ಸುತ್ತಿಟ್ಟಾಗ ಒಂದು ಸುತ್ತಿನ ಮೇಲಿನ ಅಯಸ್ಕಾಂತದ ಗುರುತು, ವರ್ಷಗಳು ಕಳೆದಂತೆ, ಅದಕ್ಕೆ ತಗುಲಿಕೊಂಡಿರುವ ಪಕ್ಕದ ಸುತ್ತಿನ ಮೇಲೆಯೂ ಮಸುಕಾಗಿ ಮೂಡುತ್ತದಂತೆ. ಮುಂದೆ ಬರುವ ತಾನು ತನ್ನ ನೆರಳನ್ನು ನಮ್ಮ ಮೌನದ ಮೇಲೆ ಚೆಲ್ಲಿದ್ದಿತು. ಅದು ಅಳಿದುಹೋದ ಸಂಗೀತವಲ್ಲ; ಉಳಿದ ಸಂಗೀತದ ನೆರಳು. ಆದರೂ, ನಾವು ಬಾಯಿ ಮುಚ್ಚಿದ ಕಡೆ ಮಾತ್ರ ಅದು ಕೇಳಿಸಿತೆಂಬುದನ್ನು ನಾವು ಗಮನಿಸದೆ ಇರಲಿಲ್ಲ.

“ಈ ಭಾಷಣವನ್ನು ತೆಗೆದುಹಾಕಿ ಎರಡು ತುದಿಗಳನ್ನೂ ಬೆಸೆದುಬಿಡುತ್ತೇನೆ, ಕೇಳಿದವರಿಗೆ ಗೊತ್ತೇ ಆಗುವುದಿಲ್ಲ” ಎಂದು ಅಳಿಯನು ಹೇಳಿದನು. ನಾವು ಕೂಡಲೇ ಒಪ್ಪಿದೆವು. ಪಾಪವನ್ನು ಬೆಸುಗೆಯಿಂದ ಮುಚ್ಚುವ ಅವಕಾಶವನ್ನು ಯಾರು ಬಿಟ್ಟಾರು?

ಡಬ್ಬಿಯೊಳಗಿನ ಕಾಗದದ ಚಿತ್ರವನ್ನೂ ತೆಗೆದಿಡೋಣವೆಂದು ಅವನು ಅದರ ಮಡಿಕೆಯನ್ನು ಬಿಚ್ಚಿದನು. ಹೊರಗೆ ಕಾಣುವ ಪಕ್ಕದಲ್ಲಿ “ಬಸಂತಿ ಕೇದಾರ, ಧಾರವಾಡ” ಎಂದಿಷ್ಟೇ ಇತ್ತು. ಒಳಗಿನ ಪಕ್ಕದಲ್ಲಿ, ಆ ದೊಡ್ಡ ದುಂಡಗಿನ ಅಕ್ಷರಗಳಲ್ಲಿ, ಸೀಸಕಡ್ಡಿಯಿಂದ, ಲೆಕ್ಕದ ಪುಸ್ತಕದಲ್ಲಿ ಬರೆಯುವಂತೆ ಗೆರೆ ಎಳೆದು ಹೀಗೆ ಬರೆದಿದ್ದಿತು:

“ಶ್ರಾವಣ, ೧೯೯೧. ಖರ್ಚು: ಗಾಯನ, ೧೧ ನಿಮಿಷ. ಜಮಾ: ಚಿರಂಜೀವಿಯ ಭಾಷಣ, ೧೧ ನಿಮಿಷ. ಬಾಕಿ ಇಲ್ಲ.”

ಅದರ ಕೆಳಗೆ ಐದೈದರ ಗುಂಪಿನಲ್ಲಿ ಗೀಟುಗಳು. ಚೀಲ ಎಣಿಸುವವರು ಹಾಕುವಂತಹ ಗೀಟುಗಳು. ಒಂದೊಂದು ಸಲ ಕೇಳಿದಾಗಲೂ ಒಂದೊಂದು ಗೀಟು ಹಾಕುತ್ತಿದ್ದರೆಂದು ಎಣಿಸುತ್ತಿದ್ದಂತೆ ನಮಗೆ ಹೊಳೆಯಿತು. ಗೆರೆಯ ಮೇಲ್ಗಡೆ ಇಪ್ಪತ್ತಮೂರು. ಗೆರೆಯ ಕೆಳಗಡೆ ಐವತ್ತಾರು.

ನಮ್ಮ ಭಾಷಣವನ್ನು ಅವರು ಐವತ್ತಾರು ಸಲ ಕೇಳಿದ್ದರು. ಮೂವತ್ತೈದು ವರ್ಷದ ನಮ್ಮ ಉಪಾಧ್ಯಾಯವೃತ್ತಿಯಲ್ಲಿ ಯಾವ ವಿದ್ಯಾರ್ಥಿಯೂ ನಮ್ಮ ಯಾವ ಮಾತನ್ನೂ ಎರಡನೆಯ ಸಲ ಕೇಳಲು ಬಯಸಿದವನಲ್ಲ. ಸಂಸ್ಕೃತದ ಗಂಧವಿಲ್ಲದ, ಉರ್ದು ಶಾಲೆಯಲ್ಲಿ ಓದಿದ ಒಬ್ಬ ಗುಮಾಸ್ತರು, ತಮಗೆ ಪ್ರಾಣವಾಗಿದ್ದ ಹೊರಳುವ ಜಾಗವು ಹೋದ ಕಡೆ ಕುಳಿತು, ಜೈಮಿನಿಯ ಪಕ್ಷವನ್ನು ಐವತ್ತಾರು ಸಲ ಆಲಿಸಿದ್ದರು. ಮನಸೂರರು ತೀರಿಕೊಂಡ ಸಂಜೆಯೂ ಆ ಐವತ್ತಾರರಲ್ಲಿ ಒಂದಾಗಿರಬೇಕು. ಯಂತ್ರ ಕೆಟ್ಟಿದೆಯೆಂದು ಅತಿಥಿಗಳಿಗೆ ಅವರು ಹೇಳಿದ ಸುಳ್ಳು ಯಾರ ಮಾನವನ್ನು ಕಾಯಲಿಕ್ಕೆ ಎಂಬುದೂ ಆಗ ತಿಳಿಯಿತು. ಲೆಕ್ಕದಲ್ಲಿ ಎಂದೂ ತಪ್ಪು ಮಾಡದವರು, ಬಾಕಿ ಇಲ್ಲವೆಂದು ಬರೆದಿದ್ದರು. ನಾವು ಮಾತ್ರ ಆ ಬಾಕಿಯನ್ನು ಮೂವತ್ತನಾಲ್ಕು ವರ್ಷ ಹೊತ್ತು ತಿರುಗಿದೆವು. ಒಂದು ದಿನ ಬಾಯಿಬಿಟ್ಟಿದ್ದರೆ, ಅವರ ಪಕ್ಕದಲ್ಲಿ ಕುಳಿತು ಉಳಿದುದನ್ನಾದರೂ ಕೇಳಬಹುದಾಗಿದ್ದಿತು. ಆ ಹೋದ ಜಾಗದಲ್ಲಿ ಏನಿತ್ತೆಂದು ಅವರು ಬೆರಳೆತ್ತಿ ಹೇಳಿಕೊಡುತ್ತಿದ್ದರು. ನಿಜವಾಗಿ ಅಳಿಸಿಹೋದುದು ಅದು. ಅದನ್ನು ಅಳಿಸಿದುದು ಯಂತ್ರದ ತಲೆಯಲ್ಲ, ನಮ್ಮ ಮೌನ.

ಅಳಿಯನಿಗೆ ಬೆಸುಗೆ ಬೇಡವೆಂದು ಹೇಳಿದೆವು. ಒಂದು ಬಗೆಯ ಜೋಡರಾಗವಾಗಿ ಅದು ಹಾಗೆಯೇ ಇರಲಿ.

ಆ ಮೇಲೆ ಒಂದು ಕೆಲಸ ಮಾಡಿದೆವು. ಧಾರವಾಡದ ಆ ಮನೆಯವರಿಗೆ ಪತ್ರ ಬರೆದು, ನಡೆದುದೆಲ್ಲವನ್ನೂ ಒಪ್ಪಿಕೊಂಡು, ನಿಮ್ಮಲ್ಲಿ ಆ ಬೈಠಕ್ಕಿನ ಬೇರೆ ಮುದ್ರಿಕೆಯೇನಾದರೂ ಉಂಟೇ ಎಂದು ವಿಚಾರಿಸಿದೆವು. ಯಜಮಾನರು ಎಂದೋ ತೀರಿಹೋಗಿದ್ದರು. ಅವರ ಮಗನಿಂದ ಉತ್ತರ ಬಂದಿತು: ತಮ್ಮಲ್ಲಿ ಯಾವುದೂ ಇಲ್ಲ, ಅಂದು ಯಂತ್ರ ತಂದವರು ನಿಮ್ಮ ತಂದೆಯವರೊಬ್ಬರೇ. ಹೋದುದು ಹೋದಂತೆಯೇ ಎಂಬುದು ನಿಶ್ಚಯವಾಯಿತು. ಉಳಿದ ಮೂವತ್ತನಾಲ್ಕು ನಿಮಿಷದ ಗಾಯನವನ್ನು, ವ್ಯಾಪಾರ ಮಾಡಬಾರದೆಂಬ ಹಳೆಯ ಕರಾರಿನ ಮೇಲೆಯೇ, ಅವರಿಗೆ ಕಳುಹಿಸಿಕೊಟ್ಟೆವು. ಹದಿನೈದು ದಿನಗಳ ಮೇಲೆ ಅವರು ಫೋನು ಮಾಡಿದರು. ರಾಗದ ಮಾತು ಬರಲಿಲ್ಲ. “ಬರ್ರಿ, ಮುಂದ ಬರ್ರಿ ಅಂತ ಕರದವರು ನಮ್ಮಪ್ಪನ್ರೀ, ಅವರ ದನಿ ನಮ್ಮ ಮನಿಯೊಳಗ ಮತ್ತೆಲ್ಲೂ ಇಲ್ಲ” ಎಂದರು. ಅತ್ತ ಕಡೆ ಅವರೂ, ಇತ್ತ ಕಡೆ ನಾವೂ, ಸ್ವಲ್ಪ ಹೊತ್ತು ಸುಮ್ಮನಿದ್ದೆವು. ಈ ಸಲದ ಮೌನವು ಹಿಂದಿನಂಥದಲ್ಲ.

ವಾಚಕರಾದ ಗೃಹಸ್ಥರಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ. ನಿಮ್ಮ ಮನೆಯಲ್ಲಿಯೂ ಇಂತಹ ಕ್ಯಾಸೆಟ್ಟುಗಳು ಇರಬಹುದು: ಅಜ್ಜಿಯ ಹಾಡು, ಮದುವೆಯ ಸೋಬಾನೆ, ಹೋದವರ ಮಾತು. ಮೊದಲು ಅವುಗಳ ಬೆನ್ನಿನ ನಾಲಗೆಗಳನ್ನು ಮುರಿಯಿರಿ. ಮುರಿಯಬೇಕಾದ ವಸ್ತುಗಳೂ ಲೋಕದಲ್ಲಿ ಕೆಲವುಂಟು. ಬಿಸಿಲ ಝಳಕ್ಕೂ, ಧ್ವನಿವರ್ಧಕಗಳ ಒಳಗಿನ ಅಯಸ್ಕಾಂತಕ್ಕೂ ದೂರವಾಗಿಡಿರಿ. ಬಲ್ಲ ಹುಡುಗರ ಕೈಯಿಂದ ಹೊಸ ಪ್ರತಿಗಳನ್ನು ಮಾಡಿಸಿ, ಮೂರು ಮನೆಗಳಲ್ಲಿ ಇಡಿರಿ. ನಮ್ಮ ಹಿರಿಯರು ಒಂದೇ ವೇದವನ್ನು ಪದ, ಕ್ರಮ, ಜಟೆ, ಘನವೆಂದು ಬಗೆಬಗೆಯಾಗಿ ಹೇಳಿಕೊಂಡು, ಅನೇಕ ಕಂಠಗಳಲ್ಲಿ ಕಾಪಾಡಿದುದರ ಮರ್ಮವೂ ಇದೇ ಅಲ್ಲವೆ? ಒಂದೇ ಕಡೆ ಇದ್ದುದು ಒಂದೇ ಮಧ್ಯಾಹ್ನದಲ್ಲಿ ಹೋಗಬಹುದು. ಇನ್ನು, ಏನಾದರೂ ಅಳಿಸಿಬಿಟ್ಟಿದ್ದರೆ, ಕೇಳುವವರು ಜಗಲಿಯ ಮೇಲೆ ಕುಳಿತಿರುವಾಗಲೇ ಹೋಗಿ ಹೇಳಿಬಿಡಿರಿ.

ನಮ್ಮ ಮಾಳಿಗೆಯ ದುರಸ್ತಿ ಮುಗಿದಿದೆ. ಪೆಟ್ಟಿಗೆಯನ್ನು ಅಟ್ಟಕ್ಕೆ ಏರಿಸಲಿಲ್ಲ, ನಡುಮನೆಯಲ್ಲಿಯೇ ಇಟ್ಟಿದ್ದೇವೆ. ತಿಂಗಳಿಗೊಂದು ಸಂಜೆ ಕೈಕಾಲು ತೊಳೆದುಕೊಂಡು, ನಾವೂ ನಮ್ಮ ಗೃಹಿಣಿಯೂ ಕುಳಿತು ಮೊದಲಿನಿಂದ ಕೊನೆಯವರೆಗೆ ಕೇಳುತ್ತೇವೆ. ಭಾಷಣ ಬಂದಾಗ ಆಕೆ ಚಹ ಮಾಡಲು ಒಳಗೆ ಹೋಗುತ್ತಾಳೆ. ಹನ್ನೊಂದು ನಿಮಿಷ ಅದಕ್ಕೆ ಸರಿಯಾಗಿ ಸಾಲುತ್ತದೆಂದು ಹೇಳುತ್ತಾಳೆ. ಕೇಳಿ ಮುಗಿದ ಮೇಲೆ ಆ ಕಾಗದವನ್ನು ಬಿಚ್ಚಿ, ಐವತ್ತಾರರ ಮುಂದೆ ನಾವೂ ಒಂದು ಗೀಟು ಹಾಕುತ್ತೇವೆ.